ಒಂದು ಮೂರ್ತಿ, ಎರಡು ಹೆಸರು: ಕಠ್ಮಂಡು ಕಣಿವೆಯ ದೇವರುಗಳನ್ನು ನೋಡುತ್ತಾ

ಶುಕ್ರವಾರ, ಬೌದ್ಧನಾಥ

ದೆಹಲಿಯಿಂದ ಹೊರಟ ವಿಮಾನ ಮಧ್ಯಾಹ್ನ ಕಠ್ಮಂಡುವಿನಲ್ಲಿ ಇಳಿಯಿತು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. ಜೊತೆಗೆ ಅಕ್ಕ ಬಂದಿದ್ದಳು. ಅವಳು ಮಂಗಳೂರಿನಲ್ಲಿ ಚಿತ್ರಕಲೆ ಟೀಚರ್ ಆಗಿದ್ದವಳು. ಎಲ್ಲಿಗೆ ಹೋದರೂ ಒಂದು ಸ್ಕೆಚ್ ಪುಸ್ತಕ ಬ್ಯಾಗಿನಲ್ಲಿರುತ್ತದೆ. ಈ ಸಲ ಅವಳು ಮೊದಲೇ ಹೇಳಿಬಿಟ್ಟಿದ್ದಳು: "ನಾನು ಇಡೀ ಮೂರ್ತಿ ಬಿಡಿಸುವುದಿಲ್ಲ. ಕೈ ಮಾತ್ರ."

ಅದಕ್ಕೆ ಕಾರಣವಿದೆ. ಹಿಂದೂ ಮೂರ್ತಿಯಾಗಲಿ ಬೌದ್ಧ ಮೂರ್ತಿಯಾಗಲಿ, ಗುರುತು ಸಿಗುವುದು ಮುಖದಿಂದಲ್ಲ. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಶಾಂತವಾಗಿರುತ್ತವೆ. ಕೈಯಲ್ಲಿ ಏನಿದೆ, ಬೆರಳು ಹೇಗೆ ಮಡಚಿದೆ, ಕೆಳಗೆ ಯಾವ ವಾಹನ, ಕಿರೀಟದಲ್ಲಿ ಯಾರು ಕೂತಿದ್ದಾರೆ, ಇಷ್ಟು ನೋಡಿದರೆ ದೇವರ ಹೆಸರು ಹೇಳಬಹುದು. ಕಠ್ಮಂಡು ಕಣಿವೆಯಲ್ಲಿ ಈ ಎರಡೂ ಧರ್ಮದ ಮೂರ್ತಿಗಳು ಒಂದೇ ಬೀದಿಯಲ್ಲಿ, ಕೆಲವು ಕಡೆ ಒಂದೇ ಗುಡಿಯಲ್ಲಿ ಇವೆ. ಪುಸ್ತಕದಲ್ಲಿ ಓದಿದ್ದು ಬೇಕಾದಷ್ಟಿತ್ತು. ಅಲ್ಲಿಯ ಜನ ಅವುಗಳ ಮುಂದೆ ಹೇಗೆ ನಿಲ್ಲುತ್ತಾರೆ ಅಂತ ನೋಡಬೇಕಿತ್ತು.

ಬೌದ್ಧನಾಥ ವಿಮಾನ ನಿಲ್ದಾಣಕ್ಕೆ ಹತ್ತಿರ. ಹಾಗಾಗಿ ಸಾಮಾನು ಇಟ್ಟು ಸಂಜೆ ಅಲ್ಲಿಗೇ ಹೋದೆವು. ದೊಡ್ಡ ಬಿಳಿ ಗುಮ್ಮಟ, ಅದರ ಮೇಲೆ ನಾಲ್ಕು ದಿಕ್ಕಿಗೂ ಕಣ್ಣುಗಳು. 2015ರ ಭೂಕಂಪದಲ್ಲಿ ಶಿಖರ ಬಿರುಕು ಬಿಟ್ಟಿತ್ತು. 2016ರ ಕೊನೆಗೆ ದುರಸ್ತಿ ಮುಗಿಯಿತು. ಸಂಜೆ ಟಿಬೆಟನ್ ಅಜ್ಜಿಯರು, ಶಾಲೆಯಿಂದ ಬಂದ ಮಕ್ಕಳು, ಸನ್ಯಾಸಿಗಳು ಎಲ್ಲ ಒಂದೇ ದಿಕ್ಕಿನಲ್ಲಿ ಪ್ರದಕ್ಷಿಣೆ ಬರುತ್ತಾರೆ. ಗುಮ್ಮಟದ ಬುಡದಲ್ಲಿ ಸುತ್ತಲೂ 108 ಚಿಕ್ಕ ಗೂಡುಗಳಿವೆ. ಉತ್ತರದ ಬದಿಯಲ್ಲಿ ಒಂದು ಸಣ್ಣ ಗುಡಿ. ಅದು ಅಜಿಮಾ, ಅಂದರೆ ಹಾರೀತಿಯದು. ಅಲ್ಲಿ ಕುಂಕುಮ, ಅಕ್ಕಿ, ದೀಪ ಎಲ್ಲ ನಮ್ಮ ಊರಿನ ಅಮ್ಮನ ಗುಡಿಯ ಹಾಗೇ.

ಒಂದು ಥಾಂಕಾ ಅಂಗಡಿಗೆ ಹೋದೆವು. ಬಟ್ಟೆಯ ಮೇಲೆ ಬಿಡಿಸುವ ಬೌದ್ಧ ಚಿತ್ರಗಳಿಗೆ ಥಾಂಕಾ ಅಂತಾರೆ. ಒಬ್ಬ ಯುವಕ ನೆಲದ ಮೇಲೆ ಕೂತು ಬೌದ್ಧರ ಕರುಣೆಯ ದೇವತೆ ತಾರಾದೇವಿಯ ಅಂಗೈಗೆ ಕಣ್ಣು ಬರೆಯುತ್ತಿದ್ದ. ಶ್ವೇತತಾರೆಗೆ ಏಳು ಕಣ್ಣು. ಮುಖದಲ್ಲಿ ಮೂರು, ಎರಡು ಅಂಗೈಯಲ್ಲಿ, ಎರಡು ಅಂಗಾಲಿನಲ್ಲಿ. ಪಕ್ಕದಲ್ಲಿ ಮುಗಿದ ಹಸಿರು ತಾರೆ ಇದ್ದಳು. ಅವಳು ಬಲಗಾಲು ಕೆಳಗೆ ಇಳಿಬಿಟ್ಟು, ಕರೆದರೆ ಎದ್ದು ಬರುವವಳ ಹಾಗೆ ಕೂತಿರುತ್ತಾಳೆ. ನಮ್ಮ ಬಳ್ಳಿಗಾವೆಯಲ್ಲೂ ಒಬ್ಬಳು ತಾರೆ ಇದ್ದಾಳೆ, ಡಂಬಳದಲ್ಲಿ 1095ರ ಶಾಸನದಲ್ಲಿ ತಾರೆಯ ಹೆಸರು ಇದೆ. ಕರ್ನಾಟಕದಲ್ಲಿ ಇವಳನ್ನು ನಾವು ಮರೆತೇಬಿಟ್ಟೆವು. ಇಲ್ಲಿ ಇವಳು ಬೀದಿಬೀದಿಯಲ್ಲಿ ಸಿಗುತ್ತಾಳೆ.

ಶನಿವಾರ, ಸ್ವಯಂಭೂ

ನೇಪಾಳದಲ್ಲಿ ಶನಿವಾರ ರಜೆ. ಸ್ವಯಂಭೂ ಗುಡ್ಡದ ಪೂರ್ವದ ಮೆಟ್ಟಿಲುಗಳ ಮೇಲೆ ಬೆಳಿಗ್ಗೆ ಆರಕ್ಕೇ ಜನಜಂಗುಳಿ. 365 ಮೆಟ್ಟಿಲು ಅಂತಾರೆ. ಕೊನೆಯ ಭಾಗ ತುಂಬ ಕಡಿದು. ಕೋತಿಗಳು ಕೈಪಟ್ಟಿ ಮೇಲೆ ಜಾರುತ್ತಾ ಕೆಳಗೆ ಬರುತ್ತಿದ್ದವು.

ಮೇಲೆ ಹತ್ತಿದ ತಕ್ಷಣ ಎದುರಿಗೆ ಸಿಗುವುದು ಒಂದು ದೊಡ್ಡ ಚಿನ್ನದ ಬಣ್ಣದ ವಜ್ರ. ಇಂದ್ರನ ಆಯುಧ ಅಲ್ವಾ ಅದು? ಬೌದ್ಧರು ಅದನ್ನೇ ತೆಗೆದುಕೊಂಡು ತಮ್ಮ ಪಂಥಕ್ಕೇ ವಜ್ರಯಾನ ಅಂತ ಹೆಸರಿಟ್ಟರು. ಇದನ್ನು ಇಲ್ಲಿ ಇಡಿಸಿದ್ದು 17ನೇ ಶತಮಾನದ ರಾಜ ಪ್ರತಾಪ ಮಲ್ಲ. ಎಡಬಲದಲ್ಲಿ ಅವನೇ ಕಟ್ಟಿಸಿದ ಎರಡು ಶಿಖರ ಗುಡಿಗಳು. ಅವುಗಳಲ್ಲಿ ಅನಂತಪುರ 2015ರಲ್ಲಿ ಕುಸಿದಿತ್ತು.

ಇಡೀ ಪ್ರವಾಸದಲ್ಲಿ ಅಕ್ಕನ ಪುಸ್ತಕ ಹೆಚ್ಚು ತುಂಬಿದ್ದು ಇಲ್ಲೇ. ಸ್ತೂಪದ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಗೂಡು, ಪ್ರತಿಯೊಂದರಲ್ಲೂ ಒಬ್ಬೊಬ್ಬ ಬುದ್ಧ. ವಜ್ರಯಾನದಲ್ಲಿ ನಾಲ್ಕು ದಿಕ್ಕಿಗೂ ನಡುವಿಗೂ ಸೇರಿ ಐವರು ಬುದ್ಧರು. ಮೊದಲ ಸುತ್ತಿನಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಎರಡನೇ ಸುತ್ತಿನಲ್ಲಿ ಕೈ ನೋಡಬೇಕು. ಪೂರ್ವದಲ್ಲಿ ಅಕ್ಷೋಭ್ಯ. ಬಲಗೈ ಮೊಣಕಾಲಿನ ಮೇಲಿಂದ ಇಳಿದು ನೆಲ ಮುಟ್ಟುತ್ತದೆ. ದಕ್ಷಿಣದ ರತ್ನಸಂಭವನ ಅಂಗೈ ನಮ್ಮ ಕಡೆ ತೆರೆದಿದೆ, ಅದು ವರದ ಮುದ್ರೆ. ಪಶ್ಚಿಮದ ಅಮಿತಾಭ ಎರಡೂ ಕೈ ಮಡಿಲಲ್ಲಿ ಇಟ್ಟು ಧ್ಯಾನದಲ್ಲಿದ್ದಾನೆ. ಉತ್ತರದ ಅಮೋಘಸಿದ್ಧಿ ಕೈ ಎತ್ತಿ ಅಭಯ ಕೊಡುತ್ತಾನೆ, ಬೆನ್ನ ಹಿಂದೆ ಹಾವಿನ ಹೆಡೆಯೂ ಇದೆ. ಐದನೆಯವನು ವೈರೋಚನ. ಅವನ ಜಾಗ ಸ್ತೂಪದ ನಡುವೆ, ಆದ್ದರಿಂದ ಕಣ್ಣಿಗೆ ಕಾಣಬಾರದು. ಆದರೆ ಇಲ್ಲಿ ಅವನಿಗೂ ಒಂದು ಗೂಡು ಕೊಟ್ಟು, ಪೂರ್ವದಲ್ಲಿ ಅಕ್ಷೋಭ್ಯನ ಪಕ್ಕಕ್ಕೆ ಕೂರಿಸಿದ್ದಾರೆ.

ಇನ್ನೂ ಅನುಮಾನವಿದ್ದರೆ ಪೀಠದ ಕೆಳಗೆ ಬಗ್ಗಿ ನೋಡಬಹುದು. ಸಣ್ಣ ಗೂಡಿನಲ್ಲಿ ವಾಹನ ಇದೆ. ಅಕ್ಷೋಭ್ಯನಿಗೆ ಆನೆ, ರತ್ನಸಂಭವನಿಗೆ ಕುದುರೆ, ಅಮಿತಾಭನಿಗೆ ನವಿಲು, ಅಮೋಘಸಿದ್ಧಿಗೆ ಗರುಡ, ವೈರೋಚನನಿಗೆ ಸಿಂಹ. ಗರುಡ ವಿಷ್ಣುವಿಗೆ, ನವಿಲು ಸುಬ್ರಹ್ಮಣ್ಯನಿಗೆ ಅಂತ ಕಲಿತ ಕಣ್ಣಿಗೆ ಇದು ಮೊದಲು ಗಲಿಬಿಲಿ ಮಾಡುತ್ತದೆ. ಆಮೇಲೆ ಅರ್ಥವಾಗುತ್ತದೆ. ವಾಹನಗಳು ಯಾರ ಸ್ವಂತದ್ದೂ ಅಲ್ಲ. ಒಂದೇ ನಾಡಿನ ಶಿಲ್ಪಿಗಳು ಒಂದೇ ಚೀಲದಿಂದ ಸಾಮಾನು ತೆಗೆದು ಎರಡು ಮನೆಗೆ ಕೆಲಸ ಮಾಡಿದ ಹಾಗೆ. ಬೇರೆಯಾಗುವುದು ಜೋಡಿಸುವ ಕ್ರಮ. ಆ ಕ್ರಮದಲ್ಲಿ ಮಾತ್ರ ಯಾರೂ ರಾಜಿ ಆಗಿಲ್ಲ. ಪಶ್ಚಿಮದಲ್ಲಿ ಆನೆ ಬಂದರೆ ಇಡೀ ಮಂಡಲವೇ ತಪ್ಪು.

ಸ್ತೂಪದ ಪಕ್ಕದಲ್ಲಿ ಹಾರೀತಿಯ ಗುಡಿ. ನಿಜವಾಗಿ ಸ್ತೂಪಕ್ಕಿಂತ ಇಲ್ಲಿಯ ಸಾಲು ಉದ್ದವಿತ್ತು. ಬೌದ್ಧ ಕತೆಯ ಪ್ರಕಾರ ಹಾರೀತಿ ಊರಿನ ಮಕ್ಕಳನ್ನು ಕದ್ದು ತಿನ್ನುವ ಯಕ್ಷಿ. ಬುದ್ಧ ಅವಳ ಒಂದು ಮಗುವನ್ನು ಬಚ್ಚಿಟ್ಟ. ಅವಳು ಅಳುತ್ತಾ ಬಂದಾಗ, ಬೇರೆ ತಾಯಂದಿರಿಗೂ ಹೀಗೇ ಆಗುತ್ತದೆ ಅಂತ ತಿಳಿಸಿದ. ಅಂದಿನಿಂದ ಅವಳು ಮಕ್ಕಳನ್ನು ಕಾಯುವವಳಾದಳು. ಹಿಂದೂಗಳಿಗೆ ಅವಳು ಶೀತಲಾ, ಸಿಡುಬಿನ ಅಮ್ಮ. ಒಬ್ಬ ರಾಜನ ಸಿಟ್ಟಿನ ಕತೆಯನ್ನೂ ಹೇಳುತ್ತಾರೆ. ರಾಣಿ ಸಿಡುಬಿನಿಂದ ಸತ್ತಾಗ ರಣಬಹಾದುರ್ ಶಾಹ ಇಲ್ಲಿಯ ಹಳೇ ಮೂರ್ತಿಯನ್ನು ಒಡೆಸಿದನಂತೆ. ಗುಡಿಯ ಪೂಜಾರಿ ಬೌದ್ಧರು, ಈ ಕಣಿವೆಯ ಹಳೇ ಜನಾಂಗವಾದ ನೇವಾರರು. ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ತಾಯಿ ಮಗುವಿನ ಹಣೆಗೆ ಕಾಡಿಗೆ ಹಚ್ಚಿದ್ದಳು. ಅಕ್ಕ ಹಿಂದಿಯಲ್ಲಿ ಕೇಳಿದಳು, "ನೀವು ಹಿಂದೂಗಳೋ ಬೌದ್ಧರೋ?" ಆಕೆ ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿ, "ಮಗುವಿಗೆ ಅನ್ನಪ್ರಾಶನ ದಿದಿ" ಅಂದಳು. ಅಕ್ಕ ಆಮೇಲೆ ಆ ಪ್ರಶ್ನೆ ಯಾರಿಗೂ ಕೇಳಲಿಲ್ಲ.

ಪಶ್ಚಿಮದ ಪುಟ್ಟ ದಿಬ್ಬದ ಮೇಲೆ ಬೌದ್ಧರ ಜ್ಞಾನದ ದೇವರು ಮಂಜುಶ್ರೀಯ ಸ್ಥಾನ. ಈ ಕಣಿವೆ ಒಂದು ಕಾಲದಲ್ಲಿ ಸರೋವರವಾಗಿತ್ತು, ಅದರ ನಡುವೆ ಒಂದು ತಾವರೆಯ ಮೇಲೆ ಸ್ವಯಂಭೂ ಜ್ಯೋತಿ ಉರಿಯುತ್ತಿತ್ತು, ಮಂಜುಶ್ರೀ ಬಂದು ಚೋಭಾರ್ ಬಳಿ ಕತ್ತಿಯಿಂದ ಬೆಟ್ಟ ಸೀಳಿ ನೀರು ಹರಿಸಿದ ಅಂತ ಕತೆ. ಕಣಿವೆ ಸರೋವರವಾಗಿದ್ದದ್ದು ಭೂವಿಜ್ಞಾನಿಗಳೂ ಒಪ್ಪುವ ಮಾತು. ಮಂಜುಶ್ರೀಯ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪುಸ್ತಕ. ಸರಸ್ವತಿಯ ಕೈಯಲ್ಲೂ ಪುಸ್ತಕ. ಆ ಪುಸ್ತಕದ ನೆಪದಲ್ಲೇ ಶ್ರೀಪಂಚಮಿಯ ದಿನ ಹಿಂದೂ ಮಕ್ಕಳು ಇಲ್ಲಿಗೆ ಸರಸ್ವತಿ ಅಂತ ಬರುತ್ತಾರೆ, ಬೌದ್ಧ ಮಕ್ಕಳು ಮಂಜುಶ್ರೀ ಅಂತ ಬರುತ್ತಾರೆ. ಗೋಡೆಯ ಮೇಲೆಲ್ಲ ಸೀಮೆಸುಣ್ಣದ ಅಕ್ಷರಗಳು. ಒಬ್ಬ ಗಂಡು, ಒಬ್ಬಳು ಹೆಣ್ಣು ಅನ್ನುವ ವ್ಯತ್ಯಾಸ ಕೂಡ ಇಲ್ಲಿ ಅಡ್ಡ ಬಂದಿಲ್ಲ.

ಭಾನುವಾರ, ಪಶುಪತಿ ಮತ್ತು ಗುಹ್ಯೇಶ್ವರಿ

ಪಶುಪತಿನಾಥಕ್ಕೆ ಕನ್ನಡಿಗರು ಹೋದರೆ ಒಂದು ಬೇರೆಯೇ ಖುಷಿ ಇದೆ. ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಈಗ ಇರುವವರಲ್ಲಿ ಕರ್ನಾಟಕದವರಿದ್ದಾರೆ. ಶಂಕರಾಚಾರ್ಯರಿಂದ ಬಂದ ಪದ್ಧತಿ ಅಂತ ನಂಬಿಕೆ. ಭಂಡಾರಿಗಳು ಅಂತ ಕರೆಯುವ ಸ್ಥಳೀಯರು ಅವರಿಗೆ ಸಹಾಯಕರು. 2008ರ ಕೊನೆಯಲ್ಲಿ ಆಗಿನ ಸರಕಾರ ನೇಪಾಳದವರನ್ನೇ ಅರ್ಚಕರನ್ನಾಗಿ ಮಾಡಲು ಹೊರಟು ದೊಡ್ಡ ಗಲಾಟೆ ಆಗಿತ್ತು, ಆಮೇಲೆ ಹಳೇ ಕ್ರಮವೇ ಮುಂದುವರಿಯಿತು. ನಾವು ಸಾಲಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಭಟ್ಟರೊಬ್ಬರು ತಿರುಗಿ, "ಯಾವ ಊರು ನಿಮ್ಮದು?" ಅಂದರು. "ಮಂಗಳೂರು ಭಟ್ರೇ" ಅಂದೆ. "ಊಟ ಆಯ್ತಾ?" ಅಂದರು. ಅಷ್ಟೇ. ಹಿಂದೆ ಸಾಲು ಒತ್ತುತ್ತಿತ್ತು.

ಲಿಂಗಕ್ಕೆ ನಾಲ್ಕು ಮುಖ, ಗರ್ಭಗುಡಿಗೆ ನಾಲ್ಕು ಬಾಗಿಲು. ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಉಗ್ರನಾದ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಮೇಲಿನ ತುದಿಯೇ ಈಶಾನ, ಅದಕ್ಕೆ ಮುಖ ಕೆತ್ತಿಲ್ಲ. ಪ್ರತಿ ಮುಖದ ಜೊತೆಗೂ ಎರಡು ಪುಟ್ಟ ಕೈ, ಒಂದರಲ್ಲಿ ರುದ್ರಾಕ್ಷಿ, ಇನ್ನೊಂದರಲ್ಲಿ ಕಮಂಡಲು. ಹಿಂದಿನ ದಿನ ನಾಲ್ಕು ದಿಕ್ಕಿನ ಬುದ್ಧರನ್ನು ನೋಡಿ ಬಂದಿದ್ದ ನನಗೆ ಕಾಲು ಅಲ್ಲೇ ನಿಂತಿತು. ನಾಲ್ವರು ದಿಕ್ಕಿಗೆ, ಐದನೆಯವನು ನಡುವೆ, ಕಣ್ಣಿಗೆ ಕಾಣದ ಹಾಗೆ. ಎರಡೂ ಕಡೆ ಲೆಕ್ಕ ಒಂದೇ. ಯಾರು ಯಾರಿಂದ ತೆಗೆದುಕೊಂಡರು ಅಂತ ಜಗಳ ಮಾಡುವುದಕ್ಕಿಂತ, ಐದು ಅನ್ನುವ ಈ ಲೆಕ್ಕದಲ್ಲಿ ಇಬ್ಬರೂ ಜಗತ್ತನ್ನು ನೋಡಿದರು ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೂ ಒಂದು ಸಂಗತಿ ಇದೆ. ಕಾರ್ತಿಕ ಮಾಸದಲ್ಲಿ ಒಂದು ದಿನ ಇದೇ ಪಶುಪತಿ ಲಿಂಗಕ್ಕೆ ಬುದ್ಧನ ಕಿರೀಟ ಇಟ್ಟು ಪೂಜೆ ಮಾಡುತ್ತಾರೆ. ಅಂದು ಬೌದ್ಧ ನೇವಾರರಿಗೆ ಅವನು ಬುದ್ಧ. ಮಾರನೇ ದಿನ ಕಿರೀಟ ಇಲ್ಲ, ಅವನು ಮತ್ತೆ ಪಶುಪತಿ. ಕಲ್ಲು ಬದಲಾಗಲಿಲ್ಲ, ಗುರುತು ಬದಲಾಯಿತು.

ಮಧ್ಯಾಹ್ನ ಗುಡ್ಡ ದಾಟಿ ಗುಹ್ಯೇಶ್ವರಿಗೆ ನಡೆದೆವು. ಬಾಗಮತಿಯ ದಡದಲ್ಲೇ ಇದೆ. ಹಿಂದೂಗಳಿಗೆ ಇದು ಶಕ್ತಿಪೀಠ. ವಜ್ರಯಾನ ಬೌದ್ಧರಿಗೆ ಇವಳು ನೈರಾತ್ಮ್ಯಾ ಅನ್ನುವ ದೇವಿ. ಸ್ವಯಂಭೂ ಜ್ಯೋತಿಯ ಆ ತಾವರೆಯ ಬೇರು ಇಲ್ಲಿದೆ ಅಂತ ಅವರ ಪುರಾಣ ಹೇಳುತ್ತದೆ. ಇಲ್ಲಿ ಕೈ ನೋಡಲು ಮೂರ್ತಿಯೇ ಇಲ್ಲ. ನೆಲದ ಮಟ್ಟದಲ್ಲಿ ಒಂದು ಕಲಶ, ನೀರು. ಅಕ್ಕ ಪುಸ್ತಕ ತೆಗೆಯಲಿಲ್ಲ.

ಸೋಮವಾರ, ಚಾಂಗು ನಾರಾಯಣ

ಬೆಳಿಗ್ಗೆ ಬಸ್ಸಿನಲ್ಲಿ ಭಕ್ತಪುರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡದ ಮೇಲಿನ ಚಾಂಗು. ಭಕ್ತಪುರದ ಬಗ್ಗೆ ಬರೆಯಲು ಬೇರೆಯೇ ಪುಟ ಬೇಕು. ಮಣ್ಣಿನ ಕುಡಿಕೆಯಲ್ಲಿ ಕೊಡುವ ಜೂಜೂ ಧೌ ಅನ್ನುವ ಗಟ್ಟಿ ಮೊಸರು ತಿನ್ನದೆ ಬರಬೇಡಿ ಅಂತಷ್ಟೇ ಹೇಳುತ್ತೇನೆ.

ಚಾಂಗುವಿನ ಅಂಗಳ ಅಂದರೆ ಬಯಲಲ್ಲೇ ಇರುವ ಮ್ಯೂಸಿಯಂ. ಲಿಚ್ಛವಿ ರಾಜ ಮಾನದೇವನ ಕಂಬದ ಶಾಸನ ಇಲ್ಲಿದೆ, ಕ್ರಿ.ಶ. 464ರದ್ದು. ಗಂಡ ಸತ್ತಾಗ ತಾನೂ ಸಾಯಲು ಹೊರಟ ತಾಯಿ ರಾಜ್ಯವತಿಯನ್ನು ಮಗ ಬೇಡಿಕೊಂಡು ತಡೆದ ಮಾತು ಆ ಶಾಸನದಲ್ಲಿದೆ. ಗುಡಿಯ ಬಾಗಿಲ ಮುಂದೆ ಮಂಡಿಯೂರಿದ ಗರುಡ. ಕೊಕ್ಕಿಲ್ಲ, ಮನುಷ್ಯನ ಮುಖ, ಕೊರಳಿಗೆ ಹಾವು. ಆ ಮುಖ ಮಾನದೇವನದೇ ಅಂತ ಹೇಳುವವರಿದ್ದಾರೆ.

ಅಂಗಳದಲ್ಲಿ ತ್ರಿವಿಕ್ರಮನ ಒಂದು ಕಲ್ಲು ಇದೆ, 7-8ನೇ ಶತಮಾನದ್ದು. ಒಂದು ಕಾಲು ಭೂಮಿಯ ಮೇಲೆ, ಇನ್ನೊಂದು ಆಕಾಶಕ್ಕೆ ಚಾಚಿದೆ. ಬಾದಾಮಿಯ ಮೂರನೇ ಗುಹೆಯಲ್ಲಿ, 578ರ ಕೆಲಸದಲ್ಲಿ, ಇದೇ ಕಾಲೆತ್ತಿದ ವಿಷ್ಣುವನ್ನು ನಾವು ನೋಡಿದ್ದೇವೆ. ಎಷ್ಟು ದೂರದ ಎರಡು ಊರು! ಆದರೆ ಆ ಕಾಲು ಅದೇ ನೇರದಲ್ಲಿ ಏಳುತ್ತದೆ. ಪಕ್ಕದ ವಿಶ್ವರೂಪದ ಕಲ್ಲು ಮುಕ್ಕಾಗಿದೆ, ಆದರೂ ತಲೆಗಳ ಸಾಲು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಗರುಡನ ಮೇಲೆ ಕೂತ ವಿಷ್ಣುವನ್ನು ನೇಪಾಳದ 10 ರೂಪಾಯಿ ನೋಟಿನಲ್ಲೂ ಕಾಣಬಹುದು. ಅಕ್ಕ ನೋಟು ತೆಗೆದು ಕಲ್ಲಿನ ಪಕ್ಕ ಹಿಡಿದು ಹೋಲಿಸಿದಳು.

ಇದು ಶುದ್ಧ ವೈಷ್ಣವ ಸ್ಥಳ ಅಂದುಕೊಂಡರೆ, ಇಲ್ಲೂ ಬೌದ್ಧರ ಕತೆ ಇದೆ. ಗರುಡನಿಗೂ ತಕ್ಷಕ ನಾಗನಿಗೂ ಜಗಳ ಆಯಿತು. ಗರುಡನ ಪರ ವಿಷ್ಣು ಬಂದ, ತಕ್ಷಕನ ಪರ ಲೋಕೇಶ್ವರ, ಅಂದರೆ ಬೌದ್ಧರ ಕರುಣೆಯ ದೇವರು ಅವಲೋಕಿತೇಶ್ವರ. ಕೊನೆಗೆ ರಾಜಿಯಾಗಿ ವಿಷ್ಣು ಲೋಕೇಶ್ವರನನ್ನು ಹೆಗಲ ಮೇಲೆ ಕೂರಿಸಿಕೊಂಡ, ಗರುಡ ವಿಷ್ಣುವನ್ನು ಹೊತ್ತ, ಅವರೆಲ್ಲರನ್ನೂ ಒಂದು ಸಿಂಹ ಹೊತ್ತು ಈ ಗುಡ್ಡಕ್ಕೆ ತಂದಿತು. ಹರಿಹರಿಹರಿವಾಹನ ಲೋಕೇಶ್ವರ ಅಂತ ಆ ಮೂರ್ತಿಗೆ ಹೆಸರು. ಕೆಳಗಿನಿಂದ ಸಿಂಹ, ಗರುಡ, ವಿಷ್ಣು, ಎಲ್ಲರ ಮೇಲೆ ಲೋಕೇಶ್ವರ. ಬೌದ್ಧ ನೇವಾರರು ಚಾಂಗುವಿಗೆ ಬಂದು ಕೈಮುಗಿಯುವಾಗ ಮನಸ್ಸಿನಲ್ಲಿ ಈ ಮೂರ್ತಿ ಇರುತ್ತದೆ.

ಸುಮ್ನೆ ನೋಡಿದರೆ ಇದು ಸ್ನೇಹದ ಕತೆ. ಸ್ವಲ್ಪ ಯೋಚಿಸಿದರೆ, ಯಾರು ಯಾರ ಹೆಗಲ ಮೇಲೆ ಕೂತಿದ್ದಾರೆ ಅಂತ ಕಾಣುತ್ತದೆ. ಹಿಂದೂಗಳು ಬುದ್ಧನನ್ನು ವಿಷ್ಣುವಿನ ಒಂಬತ್ತನೇ ಅವತಾರ ಮಾಡಿದರು, ಬೌದ್ಧರು ವಿಷ್ಣುವನ್ನು ಲೋಕೇಶ್ವರನ ವಾಹನ ಮಾಡಿದರು. ಎರಡೂ ಕಡೆಯವರು ಇನ್ನೊಬ್ಬರ ದೇವರನ್ನು ಒಳಗೆ ಕರೆದರು, ಆದರೆ ಒಂದು ಮೆಟ್ಟಿಲು ಕೆಳಗೆ ಕೂರಿಸಿದರು. ಇದನ್ನು ಮುಚ್ಚಿಟ್ಟು ಬರೀ ಸಾಮರಸ್ಯದ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಮಂಗಳವಾರ, ಬಸಂತಪುರ

ಹನುಮಾನ್ ಢೋಕಾ ಅರಮನೆಯ ಚೌಕ. ಕಪ್ಪು ಬಣ್ಣ ಬಳಿದ ಕಾಲಭೈರವ ಬಯಲಲ್ಲೇ ನಿಂತಿದ್ದಾನೆ. ಸುಮಾರು 12 ಅಡಿ ಎತ್ತರ, ಆರು ಕೈ, ತಲೆಬುರುಡೆಯ ಹಾರ. ಹಿಂದೆ ಅಪರಾಧಿಗಳನ್ನು ಇವನ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸುತ್ತಿದ್ದರು. ಪಕ್ಕದ ತಲೇಜು ಗುಡಿ ಎತ್ತರದ ಜಗಲಿಗಳ ಮೇಲಿದೆ. ಮಲ್ಲ ರಾಜರ ಕುಲದೇವತೆ ಅವಳು. 1097ರಲ್ಲಿ ಸಿಮ್ರೌನಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ಕರ್ನಾಟ ವಂಶದ ಜೊತೆ ಅವಳು ಬಂದಳು ಅಂತ ಐತಿಹ್ಯ. ಹಾಗೆ ನೋಡಿದರೆ ಇವಳ ಕತೆಯ ಬೇರು ನಮ್ಮ ಕಡೆಗೂ ಬರುತ್ತದೆ.

ಚೌಕದ ಇನ್ನೊಂದು ಮೂಲೆಯಲ್ಲಿ ಕುಮಾರಿ ಮನೆ, 1757ರಲ್ಲಿ ಜಯಪ್ರಕಾಶ ಮಲ್ಲ ಕಟ್ಟಿಸಿದ್ದು. ಕುಮಾರಿ ಜೀವಂತ ದೇವತೆ. ಅವಳು ಹಿಂದೂಗಳ ತಲೇಜು. ಆದರೆ ಹುಡುಗಿ ಬರುವುದು ಶಾಕ್ಯ ಮನೆತನದಿಂದ, ಅಂದರೆ ಬೌದ್ಧರಿಂದ. ಅವಳ ಪೂಜೆಯಲ್ಲಿ ಐವರು ವಜ್ರಾಚಾರ್ಯರು, ಅಂದರೆ ಬೌದ್ಧ ಪುರೋಹಿತರು, ಐವರು ಬುದ್ಧರ ಸ್ಥಾನದಲ್ಲಿ ಇರುತ್ತಾರೆ. ಮನೆಯ ಕಟ್ಟಡವೂ ಬೌದ್ಧ ವಿಹಾರದ ನಕ್ಷೆಯಲ್ಲೇ ಇದೆ. ಇಷ್ಟು ದಿನ ಲೋಹ, ಕಲ್ಲು, ಬಟ್ಟೆಯ ಮೇಲೆ ನೋಡಿದ ಗುರುತುಗಳೆಲ್ಲ ಇಲ್ಲಿ ಒಂದು ಮಗುವಿನ ಮೈಮೇಲೆ ಇವೆ. ಕೆಂಪು ಬಟ್ಟೆ, ಕಣ್ಣಿಗೆ ಉದ್ದ ಕಾಡಿಗೆ, ಹಬ್ಬದ ದಿನ ಹಣೆಯಲ್ಲಿ ಮೂರನೇ ಕಣ್ಣು.

ಅಂಗಳದಲ್ಲಿ ಕಾಯುತ್ತಿದ್ದೆವು. ಫೋಟೋ ತೆಗೆಯುವಂತಿಲ್ಲ, ಎಲ್ಲರೂ ಮೊಬೈಲ್ ಒಳಗಿಟ್ಟರು. ಮೂರನೇ ಮಹಡಿಯ ಕಿಟಕಿಯಲ್ಲಿ ಅವಳು ಸ್ವಲ್ಪ ಹೊತ್ತು ಬಂದು ನಿಂತಳು. ನಗಲಿಲ್ಲ. ಒಳಗೆ ಹೋದಳು. ಋತುಮತಿಯಾದ ಮೇಲೆ ಅವಳು ಕುಮಾರಿ ಅಲ್ಲ, ಮನೆಗೆ ವಾಪಸ್. ಅಕ್ಕನಿಗೆ ಇದು ನೋವು ಕೊಟ್ಟಿತು. "ಮೂರ್ತಿಗೆ ಬಾಲ್ಯ ಇಲ್ಲ, ಇವಳಿಗೆ ಉಂಟಲ್ಲ" ಅಂದಳು. ನನಗೂ ಹಾಗೇ ಅನಿಸಿತು. ಈಗ ಕುಮಾರಿಯರಿಗೆ ಪಾಠ ಹೇಳಿಕೊಡುವ ವ್ಯವಸ್ಥೆ ಇದೆ. ಆದರೂ ಆ ಕಿಟಕಿಯ ಮುಂದೆ ಕೈಮುಗಿಯುವಾಗ ಭಕ್ತಿಯ ಜೊತೆಗೆ ಬೇರೆ ಏನೋ ಎದೆಯಲ್ಲಿ ಕೂರುತ್ತದೆ.

ಬುಧವಾರ, ಪಾಟನ್, ರಥ

ಈ ಪ್ರವಾಸಕ್ಕೆ ವೈಶಾಖವನ್ನೇ ಆರಿಸಿಕೊಂಡಿದ್ದು ಈ ದಿನಕ್ಕಾಗಿ. ಪಾಟನ್‌ನಲ್ಲಿ ರಾತೋ ಮಚ್ಛೀಂದ್ರನಾಥನ, ಅಂದರೆ ಕೆಂಪು ಮತ್ಸ್ಯೇಂದ್ರನಾಥನ ರಥ. ಪುಲ್ಚೋಕ್‌ನಲ್ಲಿ ರಥ ಕಟ್ಟಿ ಎಳೆಯಲು ಶುರು ಮಾಡುತ್ತಾರೆ, ಊರೆಲ್ಲ ಸುತ್ತಿ ಜಾವಲಾಖೇಲ್‌ನಲ್ಲಿ ಭೋಟೋ ಜಾತ್ರೆಯೊಂದಿಗೆ ಮುಗಿಯಲು ವಾರಗಟ್ಟಲೆ ಬೇಕು. ಸುಮಾರು 60 ಅಡಿಯ ಶಿಖರ, ಬೆತ್ತದಿಂದ ಬಿಗಿದು ಹಸಿರು ಸೊಪ್ಪು ಕಟ್ಟಿದ್ದು. ಮರದ ಕೆಲಸ ಮಾಡುವ ಬರಾಹಿಗಳು ಬೇರೆ, ಬೆತ್ತ ಕಟ್ಟುವ ಯಂಗ್ವಾಲರು ಬೇರೆ. ನಾಲ್ಕು ಚಕ್ರಗಳಿಗೂ ಕಣ್ಣು ಬರೆದಿದ್ದಾರೆ, ಅವು ನಾಲ್ವರು ಭೈರವರು. ಮುಂದಿನ ದಿಮ್ಮಿಯ ತುದಿಯಲ್ಲೂ ಭೈರವನ ಮುಖವಾಡ.

ಗಾಬಹಾಲ್ ಕಡೆಗೆ ಎಳೆಯುವಾಗ ನಾವು ಅಲ್ಲಿದ್ದೆವು. ಹಗ್ಗ ಹಿಡಿದ ಹುಡುಗರು "ಹೈಸ್ತೆ!" ಅಂತ ಕೂಗುತ್ತಾರೆ. ರಥ ಒಮ್ಮೆ ಎಡಕ್ಕೆ ವಾಲುತ್ತದೆ, ಎಲ್ಲರೂ ಉಸಿರು ಹಿಡಿಯುತ್ತಾರೆ. ಚಕ್ರದ ಬಳಿ ಮರದ ಬೆಣೆ ಹಿಡಿದವನು ಬಗ್ಗಿ ಬೆಣೆ ತುರುಕಿ ಪಕ್ಕಕ್ಕೆ ಹಾರುತ್ತಾನೆ. ಬಸವನಗುಡಿಯಲ್ಲೋ ಉಡುಪಿಯಲ್ಲೋ ರಥ ನೋಡಿದವರಿಗೂ ಇಷ್ಟು ಎತ್ತರ, ಇಷ್ಟು ವಾಲಾಟ ಹೊಸದು.

ರಥ ನಿಂತಾಗ ಹತ್ತಿರ ಹೋದೆವು. ಒಡವೆ, ಹೂವು, ಬಟ್ಟೆಯ ನಡುವೆ ಕೆಂಪು ಮುಖ, ಅಗಲವಾದ ಕಣ್ಣು. ಪ್ರತಿ ವರ್ಷ ಹೊಸದಾಗಿ ಬಣ್ಣ ಹಚ್ಚುತ್ತಾರೆ. ಪೂಜಾರಿಗಳು ಶಾಕ್ಯರು ಮತ್ತು ವಜ್ರಾಚಾರ್ಯರು. ಅವರಿಗೆ ಇವನು ಕರುಣಾಮಯ, ಪದ್ಮಪಾಣಿ ಲೋಕೇಶ್ವರ. ಶೈವರಾದ ನಾಥಪಂಥದ ಜೋಗಿಗಳಿಗೆ ಇವನು ಗೋರಖನಾಥನ ಗುರು ಮತ್ಸ್ಯೇಂದ್ರನಾಥ. ಊರಿನ ರೈತರಿಗೆ ಬುಂಗದ್ಯಃ, ಬುಂಗಮತಿಯ ದೇವರು, ಮಳೆ ಕೊಡುವವನು. ಗೋರಖನಾಥ ನಾಗರನ್ನು ಹಿಡಿದು ಕೂತು 12 ವರ್ಷ ಮಳೆ ಇಲ್ಲದಾಗ, ರಾಜ ನರೇಂದ್ರದೇವ, ಆಚಾರ್ಯ ಬಂಧುದತ್ತ ಮತ್ತು ಒಬ್ಬ ರೈತ, ಮೂವರೂ ಸೇರಿ ಕಾಮರೂಪದಿಂದ ಇವನನ್ನು ಕರೆತಂದರು ಅಂತ ಕತೆ. ಗುರು ಬಂದಾಗ ಶಿಷ್ಯ ಎದ್ದು ನಿಲ್ಲಲೇಬೇಕಲ್ಲ, ನಾಗರು ಬಿಡುಗಡೆಯಾದರು, ಮಳೆ ಬಂತು.

ಅಲ್ಲಿ ನಿಂತಾಗ ಅಕ್ಕ ನನ್ನ ಕೈ ಹಿಡಿದು, "ಇದು ನಮ್ಮ ಕದ್ರಿ ಮಾರಾಯ" ಅಂದಳು. ಅವಳು ಹೇಳಿದ್ದು ಖಂಡಿತ ನಿಜ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಮೂರು ಮುಖ, ಆರು ಕೈ. ಆಳುಪ ರಾಜ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಅದನ್ನು ಸ್ಥಾಪಿಸಿದ ಅಂತ ಪೀಠದ ಮೇಲೆಯೇ ಬರೆದಿದೆ. ಅದೇ ಕದ್ರಿ ಗುಡ್ಡದಲ್ಲಿ ಜೋಗಿ ಮಠ ಇದೆ, ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳಿವೆ. 12 ವರ್ಷಕ್ಕೊಮ್ಮೆ ನಾಥಪಂಥದ ಜೋಗಿಗಳು ತ್ರ್ಯಂಬಕೇಶ್ವರದಿಂದ ಕದ್ರಿಗೆ ನಡೆದು ಬಂದು ಹೊಸ ಅರಸನಿಗೆ ಪಟ್ಟ ಕಟ್ಟುತ್ತಾರೆ. ಲೋಕೇಶ್ವರ ಮತ್ತು ಮತ್ಸ್ಯೇಂದ್ರನಾಥ, ಇಬ್ಬರೂ ಪಾಟನ್‌ನಲ್ಲಿ ಒಂದೇ ರಥದಲ್ಲಿ, ಕದ್ರಿಯಲ್ಲಿ ಒಂದೇ ಗುಡ್ಡದಲ್ಲಿ. ವ್ಯತ್ಯಾಸ ಒಂದೇ. ಪಾಟನ್‌ನಲ್ಲಿ ಬೌದ್ಧರು ಇದ್ದಾರೆ, ತಮ್ಮ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಬೌದ್ಧರು ಉಳಿಯಲಿಲ್ಲ, ಆದ್ದರಿಂದ ಲೋಕೇಶ್ವರ ಅನ್ನುವ ಹೆಸರನ್ನು ಶಾಸನ ಓದಿದವರಷ್ಟೇ ಹೇಳುತ್ತಾರೆ. ಚಿಕ್ಕಂದಿನಿಂದ ಆ ಮೂರ್ತಿಗೆ ಕೈಮುಗಿದಿದ್ದೇವೆ. ಅದರ ಇನ್ನೊಂದು ಪೂಜೆ ಹೇಗಿದ್ದಿರಬಹುದು ಅಂತ ಕಣ್ಣಾರೆ ಕಂಡಿದ್ದು ಈ ಬೀದಿಯಲ್ಲಿ.

ಸಂಜೆ ಮಳೆ ಹನಿಯಿತು. ಜನ ಚಪ್ಪಾಳೆ ತಟ್ಟಿದರು.

ಗುರುವಾರ, ಪಾಟನ್, ಮ್ಯೂಸಿಯಂ ಮತ್ತು ಎರಕದ ಮನೆಗಳು

ಪಾಟನ್ ಮ್ಯೂಸಿಯಂ ಹಳೇ ಅರಮನೆಯ ಒಂದು ಚೌಕದಲ್ಲಿದೆ. ಮೂರ್ತಿ ನೋಡುವುದು ಹೇಗೆ ಅಂತ ಇಷ್ಟು ಚೆನ್ನಾಗಿ ಕಲಿಸುವ ಜಾಗ ನಾನು ಬೇರೆ ನೋಡಿಲ್ಲ. ಹಿಂದೂ ಮೂರ್ತಿ, ಬೌದ್ಧ ಮೂರ್ತಿ, ಮುದ್ರೆ, ಆಸನ, ಎಲ್ಲಕ್ಕೂ ಸರಳ ವಿವರಣೆ ಇದೆ. ಎದುರಿಗೇ 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕೃಷ್ಣ ಮಂದಿರ, ಪೂರ್ತಿ ಕಲ್ಲಿನದು, ಸುತ್ತ ರಾಮಾಯಣ, ಮಹಾಭಾರತದ ಪಟ್ಟಿಕೆಗಳು. ಎರಡು ನಿಮಿಷ ನಡೆದರೆ ಹಿರಣ್ಯವರ್ಣ ಮಹಾವಿಹಾರ. ಅಲ್ಲಿಯ ಮುಖ್ಯ ಪೂಜಾರಿ 12 ವರ್ಷದೊಳಗಿನ ಹುಡುಗ. ಬೆಲ್ಟು, ಪರ್ಸು, ಚರ್ಮದ್ದೆಲ್ಲ ಹೊರಗಿಟ್ಟು ಹೋಗಬೇಕು. ಅಂಗಳದಲ್ಲಿ ಆಮೆಗಳು ಓಡಾಡುತ್ತಿರುತ್ತವೆ.

ಮಧ್ಯಾಹ್ನ ಓಕುಬಹಾಲ್ ಕಡೆಗೆ ಹೋದೆವು. ಶಾಕ್ಯರ ಎರಕದ ಮನೆಗಳು. ಜೇನುಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಸೆಗಣಿ ಬೆರೆಸಿದ ನುಣ್ಣನೆ ಮಣ್ಣು, ಆಮೇಲೆ ಭತ್ತದ ಹೊಟ್ಟು ಸೇರಿಸಿದ ಒರಟು ಮಣ್ಣು ಮೆತ್ತುತ್ತಾರೆ. ಒಣಗಿದ ಮೇಲೆ ಬಿಸಿ ಮಾಡಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ತಾಮ್ರ ಹೊಯ್ಯುತ್ತಾರೆ. ಅಚ್ಚು ಒಡೆದ ಮೇಲೆ ತಿಂಗಳುಗಟ್ಟಲೆ ಉಳಿಯ ಕೆಲಸ. ಕೊನೆಗೆ ಪಾದರಸದ ಜೊತೆ ಚಿನ್ನ ಲೇಪಿಸುತ್ತಾರೆ. ಆ ಹೊಗೆ ವಿಷ, ಆದ್ದರಿಂದ ಅದನ್ನು ಬೇರೆ ಜಾಗದಲ್ಲಿ ಮಾಡುತ್ತಾರೆ. 1260ರ ಸುಮಾರಿಗೆ ಈ ಕಣಿವೆಯ ಅರನಿಕೋ ಅನ್ನುವ ಹುಡುಗ ಕುಶಲಕರ್ಮಿಗಳ ಗುಂಪಿನ ಜೊತೆ ಹೊರಟು ಕುಬ್ಲಾಯ್ ಖಾನನ ಆಸ್ಥಾನ ಸೇರಿದ. ಬೀಜಿಂಗ್‌ನ ಬಿಳಿ ಸ್ತೂಪ ಅವನ ಕೆಲಸ.

ನಾವು ಹೋದ ಮನೆಯಲ್ಲಿ ಒಂದು ಬೆಂಚಿನ ಮೇಲೆ ಗಣೇಶ, ಪಕ್ಕದಲ್ಲಿ ಹಸಿರು ತಾರೆ, ಅದರ ಪಕ್ಕ ವಜ್ರಯಾನದ ಉಗ್ರ ದೇವರು ಚಕ್ರಸಂವರ. ಸಂವರನಿಗೆ ನಾಲ್ಕು ಮುಖ, 12 ಕೈ. ಜಡೆಯಲ್ಲಿ ಅರ್ಧಚಂದ್ರ, ಬೆನ್ನಿಗೆ ಹರಡಿದ ಆನೆ ಚರ್ಮ, ಎರಡೂ ಶಿವನವೇ. ಆದರೆ ಅವನ ಕಾಲ ಕೆಳಗೆ ಬಿದ್ದಿರುವುದು ಭೈರವ ಮತ್ತು ಕಾಲರಾತ್ರಿ. ಶಿವನ ಗುರುತು ಹಾಕಿಕೊಂಡು ಶಿವನ ಉಗ್ರರೂಪವನ್ನೇ ತುಳಿಯುವ ಮೂರ್ತಿ. ಮೊನ್ನೆ ನಾವು ಕೈಮುಗಿದ ಕಾಲಭೈರವ ನೆನಪಾಗಿ ನನಗೆ ಕಸಿವಿಸಿ ಆಯಿತು.

ಕೆಲಸಗಾರರನ್ನು ಕೇಳಿದೆ, "ದಾಯಿ, ಇದನ್ನು ಮಾಡುವಾಗ ಏನೂ ಅನಿಸುವುದಿಲ್ಲವಾ?"

ಅವರು ಉಳಿ ಕೆಳಗಿಟ್ಟರು. "ನಮ್ಮ ಮನೆಯಲ್ಲಿ ಯಾವ ಪೂಜೆಗೂ ಮೊದಲು ಗಣೇಶ. ಭೈರವನಿಗೂ ಪೂಜೆ ಉಂಟು. ಸಂವರ ತುಳಿಯುವುದು ನಮ್ಮೊಳಗಿನ ಅಹಂಕಾರವನ್ನು ಅಂತ ಗುರುಗಳು ಹೇಳಿಕೊಟ್ಟಿದ್ದಾರೆ. ಹಳೇ ಕಾಲದಲ್ಲಿ ಜಗಳ ಇತ್ತಾ? ಇದ್ದಿರಬಹುದು. ನನಗೆ ಗೊತ್ತಿರುವುದು ಅಳತೆ. ಅಳತೆ ತಪ್ಪಿದರೆ ಭೈರವನಿಗೂ ಅವಮಾನ, ಸಂವರನಿಗೂ ಅವಮಾನ."

ಅಕ್ಕ ಅವರ ಅಳತೆಯ ಕಡ್ಡಿ ಇಸಿದುಕೊಂಡು ನೋಡಿದಳು. ಮುಖದ ಉದ್ದವೇ ಒಂದು ಮಾನ, ಉಳಿದ ಮೈಯೆಲ್ಲ ಅದರ ಲೆಕ್ಕದಲ್ಲಿ. ನಮ್ಮ ಶಿಲ್ಪಿಗಳ ತಾಳದ ಲೆಕ್ಕವೇ ಅದು. ಗಣೇಶನಿಗೆ ಕಮ್ಮಿ ತಾಳ, ಬುದ್ಧನಿಗೆ ಜಾಸ್ತಿ. ಇಬ್ಬರೂ ಅರ್ಧ ಗಂಟೆ ಹೊಟ್ಟೆಯ ಸುತ್ತಳತೆ, ಬೆರಳಿನ ಉದ್ದ ಅಂತ ಮಾತಾಡುತ್ತಾ ಕೂತರು. ನಾನು ಚಹಾ ಕುಡಿದೆ. ಕೊನೆಗೆ ಅಕ್ಕ ಒಂದು ಪುಟ್ಟ ಹಸಿರು ತಾರೆಯನ್ನು ಕೊಂಡಳು, ಚಿನ್ನ ಹಚ್ಚದ ತಾಮ್ರದ್ದು. ಹಳೇ ಮೂರ್ತಿ ಅಲ್ಲ ಅನ್ನುವ ಪತ್ರವನ್ನು ಪುರಾತತ್ವ ಇಲಾಖೆಯಿಂದ ಮಾಡಿಸಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಕೇಳಬಹುದು ಅಂತ ಅವರೇ ಹೇಳಿದರು.

ನೀವು ಹೋಗುವುದಾದರೆ ಎರಡು ಮಾತು. ಪಾಟನ್ ಮ್ಯೂಸಿಯಂ ಅನ್ನು ನಾವು ಕೊನೆಗೆ ಇಟ್ಟೆವು, ನೀವು ಮೊದಲೇ ನೋಡಿ. ಆಮೇಲೆ ಸ್ವಯಂಭೂವಿನಲ್ಲಿ ಒಂದೊಂದು ಕೈಯೂ ಮಾತಾಡುತ್ತದೆ. ಮತ್ತೆ, ಒಂದು ಚಿಕ್ಕ ದುರ್ಬೀನು ತೆಗೆದುಕೊಂಡು ಹೋಗಿ. ಗುಡಿಗಳ ಸೂರಿನ ಕೆಳಗೆ ಓರೆಯಾಗಿ ನಿಂತ ಮರದ ತೊಲೆಗಳಲ್ಲಿ ಹತ್ತಾರು ಕೈಗಳ ದೇವದೇವಿಯರಿದ್ದಾರೆ. ಕೆಳಗಿನಿಂದ ಬರಿಗಣ್ಣಿಗೆ ಅವರ ಕೈಯಲ್ಲಿ ಏನಿದೆ ಅಂತ ಕಾಣುವುದಿಲ್ಲ.